ಎಂಟು ಜಿಬಿ ಮೆಷಿನ್‌ನಲ್ಲಿ 16 ಟಿಬಿ ಮಿತಿಯ ತಕರಾರು

ಡ್ರೈವರ್ ಕೋಡ್ ರಿವ್ಯೂ ಮಾಡುವಾಗ ಹೊಸಬರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: "ಇದು ವರ್ಚುವಲ್ ಡಿವೈಸ್ ಅಲ್ವಾ ಸಾರ್, ಇದಕ್ಕೂ ಡಿಎಂಎ ಮಾಸ್ಕ್ ಬೇಕಾ?" ಡಿಎಂಎ ಅಂದರೆ ಸಿಪಿಯು ನೆರವಿಲ್ಲದೆ ಡಿವೈಸ್ ತಾನೇ ಮೆಮೊರಿ ಓದಿ ಬರೆಯುವುದು. ಎಷ್ಟು ಬಿಟ್‌ನ ವಿಳಾಸದ ತನಕ ಅದಕ್ಕೆ ಎಟುಕುತ್ತದೆ ಅಂತ ಡ್ರೈವರ್ ಕರ್ನಲ್‌ಗೆ ಹೇಳುವುದೇ ಮಾಸ್ಕ್. ಕೇಳುವುದರಲ್ಲಿ ತಪ್ಪಿಲ್ಲ. ಹಳೆಯ ಐಎಸ್‌ಎ ಕಾರ್ಡ್‌ಗಳ ಡಿಎಂಎಗೆ 24 ಬಿಟ್ ವಿಳಾಸವಷ್ಟೇ ಇತ್ತು, 16 ಎಂಬಿಯಿಂದ ಮೇಲಿನ ಮೆಮೊರಿ ಅವಕ್ಕೆ ಎಟುಕುತ್ತಿರಲಿಲ್ಲ. ವರ್ಚುವಲ್ ಡಿವೈಸ್‌ನಲ್ಲಿ ತಂತಿಯೇ ಇಲ್ಲ. ಅದು ವರ್ಚುವಲ್ ಮೆಷಿನ್ ನಡೆಸುವ ಹೈಪರ್‌ವೈಸರ್ ಒಳಗಿನ ಸಾಫ್ಟ್‌ವೇರ್. ಆದರೂ ಮಿತಿ ಇದೆ, ಅದು ವಿಳಾಸ ಬರೆಯುವ ರಿಜಿಸ್ಟರ್‌ನ ಅಗಲದಲ್ಲಿ ಕೂತಿದೆ.

ವರ್ಚುವಲ್ ಮೆಷಿನ್‌ಗಳ ಡಿಸ್ಕ್, ನೆಟ್‌ವರ್ಕ್‌ಗೆ ಬಳಸುವ ವರ್ಟ್‌ಐಒ ಡಿವೈಸ್‌ಗಳನ್ನೇ ನೋಡಿ. ಕ್ಯೂ (ಡಿವೈಸ್‌ಗೆ ಕೊಡುವ ಕೆಲಸಗಳ ಸಾಲು) ಮೆಮೊರಿಯಲ್ಲಿ ಎಲ್ಲಿದೆ ಅಂತ ಡ್ರೈವರ್ ಡಿವೈಸ್‌ಗೆ ಹೇಳಬೇಕು. ಹಳೆಯ ಪಿಸಿಐ ಇಂಟರ್ಫೇಸ್‌ನಲ್ಲಿ ಇದಕ್ಕಿರುವುದು ಒಂದೇ ಒಂದು 32 ಬಿಟ್ ರಿಜಿಸ್ಟರ್. ಅದರಲ್ಲಿ ಪೂರ್ತಿ ವಿಳಾಸ ಬರೆಯುವುದಿಲ್ಲ, ಪೇಜ್ ನಂಬರ್ ಬರೆಯುತ್ತಾರೆ. ಪೇಜ್ ಗಾತ್ರ 4 ಕೆಬಿ, ಅಂದರೆ 12 ಬಿಟ್. 32ಕ್ಕೆ 12 ಸೇರಿಸಿದರೆ 44. ಕ್ಯೂ ಇರುವ ವಿಳಾಸ 44 ಬಿಟ್ ದಾಟುವ ಹಾಗಿಲ್ಲ. ಲೆಕ್ಕ ಹಾಕಿದರೆ 16 ಟಿಬಿ.

"ನಮ್ಮ ಮೆಷಿನ್‌ನಲ್ಲಿ ಇರೋದೇ 8 ಜಿಬಿ, ನಮಗ್ಯಾಕೆ ಈ ಚಿಂತೆ?" ಅನ್ನಬಹುದು. ಎಡವುವುದು ಇಲ್ಲೇ. ಮಧ್ಯೆ ಐಒಎಂಎಂಯು (ಡಿವೈಸ್ ಬಳಸುವ ವಿಳಾಸವನ್ನು ಮೆಮೊರಿಯ ನಿಜವಾದ ವಿಳಾಸಕ್ಕೆ ಬದಲಿಸುವ ಘಟಕ) ಇದ್ದರೆ ಡಿವೈಸ್‌ಗೆ ಸಿಗುವುದು ರ‍್ಯಾಮ್‌ನ ನಿಜವಾದ ವಿಳಾಸವಲ್ಲ. ಕರ್ನಲ್ ಅದಕ್ಕಾಗಿ ಬೇರೆಯೇ ವಿಳಾಸ ಹಂಚುತ್ತದೆ. ಹಂಚುವಾಗ ಅದು ನೋಡುವುದು ರ‍್ಯಾಮ್ ಎಷ್ಟಿದೆ ಅಂತಲ್ಲ, ಡ್ರೈವರ್ ಹೇಳಿದ ಮಾಸ್ಕ್ ಎಷ್ಟು ಅಂತ. ಕೆಲವು ಅಲೊಕೇಟರ್‌ಗಳು ಆ ಮಾಸ್ಕ್‌ನ ತುದಿಯಿಂದ ಶುರುಮಾಡಿ ಕೆಳಕ್ಕೆ ಬರುತ್ತವೆ. ನೀವು 64 ಬಿಟ್ ಅಂದಿದ್ದೀರಿ, ಐಒಎಂಎಂಯು 48 ಬಿಟ್ ತನಕ ಕೊಡಬಲ್ಲದು ಅಂದುಕೊಳ್ಳಿ. ಮೊದಲ ವಿಳಾಸವೇ 48 ಬಿಟ್‌ನ ತುದಿಯಲ್ಲಿ ಸಿಗಬಹುದು. ಅದನ್ನು 12 ಬಿಟ್ ಬಲಕ್ಕೆ ಸರಿಸಿದರೆ 36 ಬಿಟ್ ಉಳಿಯುತ್ತದೆ. ರಿಜಿಸ್ಟರ್ ಹಿಡಿಯುವುದು 32. ಮೇಲಿನ ನಾಲ್ಕು ಬಿಟ್ ಸದ್ದಿಲ್ಲದೆ ಉದುರಿಹೋಗುತ್ತವೆ. ಏಳು ಚೌಕದ ಹಳೇ ಫಾರಂನಲ್ಲಿ ಹತ್ತು ಅಂಕಿಯ ಮೊಬೈಲ್ ನಂಬರಿನ ಕೊನೆಯ ಏಳನ್ನು ಮಾತ್ರ ಬರೆದ ಹಾಗೆ.

ಆಮೇಲೆ ಏನಾಗುತ್ತದೆ ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದು. ಐಒಎಂಎಂಯು ಫಾಲ್ಟ್ ಬಂದರೆ ನೀವು ಪುಣ್ಯವಂತರು, ಕನಿಷ್ಠ ಲಾಗ್‌ನಲ್ಲಿ ಒಂದು ಸಾಲಾದರೂ ಸಿಗುತ್ತದೆ. ಇಲ್ಲದಿದ್ದರೆ ಕ್ಯೂ ಓದಲಾಗದೆ ಡಿವೈಸ್ ಸುಮ್ನೆ ಕೂರುತ್ತದೆ. ಕತ್ತರಿಸಿದ ವಿಳಾಸದಲ್ಲಿ ಬೇರೆ ಯಾರದೋ ಪೇಜ್ ಇದ್ದರೆ ಅದು ಕೆಡುತ್ತದೆ. ಇದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಕ್ರ್ಯಾಶ್ ಆಗುವುದು ಇನ್ಯಾವುದೋ ಕೋಡ್‌ನಲ್ಲಿ.

ಲಿನಕ್ಸ್‌ನಲ್ಲಿ ಇದನ್ನು ಸರಿಪಡಿಸಿದ್ದು 2016ರಲ್ಲಿ. ಪರಿಹಾರ ಚಿಕ್ಕದು, ಆದರೆ ಅದರಲ್ಲಿ ನನಗೆ ಇಷ್ಟವಾದ ಒಂದು ವಿವೇಕ ಇದೆ. ಡ್ರೈವರ್ ಎರಡು ಮಾಸ್ಕ್ ಹೇಳಬಹುದು: ಸಿಪಿಯು, ಡಿವೈಸ್ ಎರಡೂ ಹಂಚಿಕೊಳ್ಳುವ, ದೀರ್ಘಕಾಲ ಇರುವ ಕೊಹೆರೆಂಟ್ ಮೆಮೊರಿಗೆ ಒಂದು, ಆಗಾಗ ಮ್ಯಾಪ್ ಆಗಿ ಹೋಗುವ ಡೇಟಾ ಬಫರ್‌ಗಳಿಗೆ ಇನ್ನೊಂದು. ಕ್ಯೂ ಇರುವುದು ಮೊದಲನೆಯದರಲ್ಲಿ, ಹಾಗಾಗಿ ಅಲ್ಲಿ 44. ಡೇಟಾ ಬಫರ್‌ನ ವಿಳಾಸ ಹೋಗುವುದು ಕ್ಯೂನಲ್ಲಿರುವ ಡಿಸ್ಕ್ರಿಪ್ಟರ್ (ಬಫರ್‌ನ ವಿವರ ಬರೆಯುವ ನಮೂದು) ಒಳಗೆ, ಅಲ್ಲಿ 64 ಬಿಟ್ ಜಾಗ ಇದೆ, ಹಾಗಾಗಿ ಅದಕ್ಕೆ 64. ಎರಡನ್ನೂ 44ಕ್ಕೆ ಇಳಿಸಿದರೂ ಕೆಲಸ ನಡೆಯುತ್ತದೆ, ಆದರೆ ಇಲ್ಲದ ಮಿತಿಯನ್ನು ನೀವೇ ಹೇರಿಕೊಂಡ ಹಾಗೆ. ನಂತರದ ಕರ್ನಲ್‌ಗಳಲ್ಲಿ ಇನ್ನೊಂದು ಕಾವಲೂ ಇದೆ. ಪೇಜ್ ನಂಬರ್ 32 ಬಿಟ್ ಮೀರಿದರೆ ಡ್ರೈವರ್ "ಪ್ಲಾಟ್‌ಫಾರ್ಮ್ ಬಗ್" ಅಂತ ಕೂಗಿ ಅಲ್ಲೇ ನಿಲ್ಲುತ್ತದೆ. ಸುಮ್ಮನೆ ಕತ್ತರಿಸಿ ಬರೆಯುವುದಕ್ಕಿಂತ ಇದು ಎಷ್ಟೋ ಮೇಲು.

ವರ್ಟ್‌ಐಒ 1.0 ಬಂದ ಮೇಲೆ ಕ್ಯೂ ವಿಳಾಸವೂ 64 ಬಿಟ್ ಆಯಿತು. ಹಾಗಂತ ಕಥೆ ಮುಗಿಯಲಿಲ್ಲ. ಡ್ರೈವರ್, ಡಿವೈಸ್ ನಡುವೆ ಫೀಚರ್ ಬಿಟ್ 33 (ಪ್ಲಾಟ್‌ಫಾರ್ಮ್‌ನ ಡಿಎಂಎ ನಿಯಮಗಳಂತೆ ನಡೆಯುತ್ತೇವೆ ಅನ್ನುವ ಬಿಟ್) ಒಪ್ಪಿಗೆ ಆಗದಿದ್ದರೆ ವರ್ಟ್‌ಐಒ ಸಾಮಾನ್ಯವಾಗಿ ಡಿಎಂಎ ಎಪಿಐಯನ್ನೇ ಬಳಸುವುದಿಲ್ಲ, ಗೆಸ್ಟ್‌ನ (ಅಂದರೆ ವರ್ಚುವಲ್ ಮೆಷಿನ್‌ನ) ಭೌತಿಕ ವಿಳಾಸವನ್ನು ನೇರ ಕೊಡುತ್ತದೆ. ಆಗ ನಿಮ್ಮ ಮಾಸ್ಕ್‌ಗೆ ಬೆಲೆ ಇಲ್ಲ. ಮೆಮೊರಿ ಎನ್‌ಕ್ರಿಪ್ಟ್ ಆದ ಗೆಸ್ಟ್‌ಗಳಲ್ಲಿ, ಉದಾಹರಣೆಗೆ ಎಎಂಡಿಯ ಎಸ್‌ಇವಿಯಲ್ಲಿ, ಈ ಬಿಟ್ ಬೇಕೇ ಬೇಕು. ಅಲ್ಲಿ ಡೇಟಾ ಮೊದಲು ಹೈಪರ್‌ವೈಸರ್‌ಗೂ ಓದಲಾಗುವ ಬೌನ್ಸ್ ಬಫರ್‌ಗೆ ಕಾಪಿ ಆಗಬೇಕು. ಅದನ್ನು ನೋಡಿಕೊಳ್ಳುವುದು ಕರ್ನಲ್‌ನ ಎಸ್‌ಡಬ್ಲ್ಯುಐಒಟಿಎಲ್‌ಬಿ ಅನ್ನುವ ಭಾಗ. ಅದರಲ್ಲಿ ಒಂದೇ ತುಂಡಾಗಿ ಸಿಗುವುದು ಹೆಚ್ಚೆಂದರೆ 256 ಕೆಬಿ. ಡಿಸ್ಕ್ ಡ್ರೈವರ್ ಅದಕ್ಕಿಂತ ದೊಡ್ಡ ಸೆಗ್ಮೆಂಟ್ ಕಳಿಸಿದರೆ ಮ್ಯಾಪಿಂಗ್ ಫೇಲ್. ಬಫರ್ ಖಾಲಿ ಇದ್ದರೂ ಫೇಲ್! ವರ್ಟ್‌ಐಒ ಬ್ಲಾಕ್ ಡ್ರೈವರ್ ಈ ಗಾತ್ರವನ್ನು ಕೇಳಿ ತಿಳಿದುಕೊಳ್ಳಲು ಕಲಿತದ್ದು 2019ರಲ್ಲಿ. ವಿಳಾಸ ಎಷ್ಟು ಎತ್ತರ ಅನ್ನುವ ಜೊತೆಗೆ ತುಂಡು ಎಷ್ಟು ಉದ್ದ ಅನ್ನುವುದೂ ಮಿತಿಯೇ.

ಇಂಥ ಬಗ್‌ಗಳು ಟೆಸ್ಟ್‌ನಲ್ಲಿ ಸಿಗದಿರಲು ಕಾರಣ ಇದೆ. ಪಿಸಿಐ ಡಿವೈಸ್‌ಗೆ ಲಿನಕ್ಸ್ ಸಾಮಾನ್ಯವಾಗಿ ಮೊದಲು 32 ಬಿಟ್ ಒಳಗೇ ವಿಳಾಸ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ಮೇಲೆ ಹೋಗುತ್ತದೆ. ನಿಮ್ಮ ಲ್ಯಾಬ್‌ನಲ್ಲಿ ಆ ಜಾಗ ತುಂಬುವುದೇ ಇಲ್ಲ. ಅದಕ್ಕೆ ವರ್ಚುವಲ್ ಮೆಷಿನ್ ನಡೆಸುವ ಕ್ಯೂಎಂಯುನಲ್ಲಿ ವರ್ಚುವಲ್ ಐಒಎಂಎಂಯು ಹಾಕಿ, ವರ್ಟ್‌ಐಒ ಆದರೆ ಬಿಟ್ 33 ಕೂಡ ಹಾಕಿ, ಬೂಟ್ ಲೈನ್‌ನಲ್ಲಿ ಐಒಎಂಎಂಯುನ 'ಫೋರ್ಸ್‌ಡ್ಯಾಕ್' ಆಯ್ಕೆಯನ್ನು 1 ಮಾಡಿ. ಮೊದಲ ದಿನದಿಂದಲೇ ಎತ್ತರದ ವಿಳಾಸ ಬರುತ್ತವೆ. ಇನ್ನೊಂದು ಸುತ್ತು ಎಸ್‌ಡಬ್ಲ್ಯುಐಒಟಿಎಲ್‌ಬಿಯನ್ನು 'ಫೋರ್ಸ್' ಮಾಡಿ, ಬಿಟ್ 33 ಹಾಕಿ, ಡಿಸ್ಕ್‌ಗೆ ದೊಡ್ಡ ದೊಡ್ಡ ರಿಕ್ವೆಸ್ಟ್ ಕಳಿಸಿ. ಮ್ಯಾಪ್ ಮಾಡಿದ ಪ್ರತಿ ಕಡೆಯೂ ಎರರ್ ಚೆಕ್ ಮಾಡಿದ್ದೀರಾ ಇಲ್ಲವಾ ಅನ್ನುವುದು ಆ ಸುತ್ತಿನಲ್ಲೇ ಗೊತ್ತಾಗುತ್ತದೆ.