ಕ್ಯಾಟ್‌ನಿಪ್: ಬೆಕ್ಕಿಗೆ ಹುಚ್ಚು ಹಿಡಿಸುವ ಪುದೀನಾ ಬಳಗದ ಗಿಡ

ಧಾರವಾಡದಲ್ಲಿ ಮಳೆ ಹೊಳವಾದ ಮೇಲೆ ಹಿತ್ತಲ ತುಂಬಾ ಕಳೆ. ಹೋದ ವರ್ಷ ಅದನ್ನೆಲ್ಲ ಕಿತ್ತು ಗುಡ್ಡೆ ಹಾಕಿ ಕೈ ತೊಳೆಯಲು ಹೋದೆ. ವಾಪಸ್ ಬರುವಷ್ಟರಲ್ಲಿ ನಮ್ಮ ಬೆಕ್ಕು ಆ ಗುಡ್ಡೆಯ ಮೇಲೆ ಹೊರಳಾಡುತ್ತಿತ್ತು. ಬೇರಿಗೆ ಕೆನ್ನೆ ಉಜ್ಜುತ್ತದೆ, ಕಚ್ಚುತ್ತದೆ, ಜೊಲ್ಲು ಸುರಿಸುತ್ತದೆ. ಪಕ್ಕದ ಮನೆ ಕಾಕು ಕಾಂಪೌಂಡಿನ ಆಚೆಯಿಂದ ಇಣುಕಿ, "ಏನ್ ಕುಡಿಸಿದಿ ಅದಕ್ಕ?" ಅಂದರು. ಫೋಟೋ ನೋಡಿದ ಗೆಳತಿ ಇದು ಕ್ಯಾಟ್‌ನಿಪ್ ಎಂದು ತೀರ್ಪು ಕೊಟ್ಟೇಬಿಟ್ಟಳು.

ಅಲ್ಲ. ಅದು ನಮ್ಮ ಕುಪ್ಪಿ ಗಿಡ. ಆದರೆ ಅವಳ ತಪ್ಪು ಪೂರ್ತಿ ತಪ್ಪೂ ಅಲ್ಲ.

ಮೊದಲು ಹೆಸರು ನೋಡೋಣ. ಕ್ಯಾಟ್‌ನಿಪ್‌ನ 'ನಿಪ್'ಗೂ ಚಿವುಟುವುದಕ್ಕೂ, ಕಚ್ಚುವುದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನ 'ನೆಪೆಟ' ಬಾಯಿಂದ ಬಾಯಿಗೆ ಸವೆದು 'ನೆಪ್' ಆಯಿತು, ಆಮೇಲೆ 'ನಿಪ್'. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಇಟ್ಟ ಶಾಸ್ತ್ರೀಯ ಹೆಸರು ನೆಪೆಟ ಕಟಾರಿಯಾ. ಯುರೋಪ್, ಮಧ್ಯ ಏಷ್ಯಾ ಕಡೆಯ ಗಿಡ ಇದು. ನಮ್ಮಲ್ಲಿ ಬೆಳೆದು ಬಂದದ್ದಲ್ಲವಾದ್ದರಿಂದ ಊರಲ್ಲಿ ಕರೆಯುವ ಹೆಸರೂ ಇಲ್ಲ. 'ಬೆಕ್ಕಿನ ಪುದೀನಾ' ಅನ್ನುವುದು ಸುಮ್ನೆ ಅನುವಾದ. ಸಂತೆಯಲ್ಲಿ ಹಾಗಂತ ಕೇಳಿದರೆ ಪುದೀನಾ ಸಿವುಡನ್ನೇ ಕೈಗಿಡುತ್ತಾರೆ.

ಬಳಗ ಮಾತ್ರ ಪುದೀನಾದ್ದೇ. ತುಳಸಿ, ದೊಡ್ಡಪತ್ರೆ, ಹೊಲದ ಬದುವಿನ ತುಂಬೆ ಎಲ್ಲ ಇದರ ನೆಂಟರು. ತುಂಬೆಯ ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ನಾಲ್ಕು ಅಂಚು ತಾಗುತ್ತವಲ್ವಾ? ಕ್ಯಾಟ್‌ನಿಪ್ಪಿನದೂ ಹಾಗೇ. ಎಲೆ ಹೃದಯದ ಆಕಾರ, ಅಂಚು ಗರಗಸ, ಮೈಮೇಲೆ ಬೂದು ಬಣ್ಣದ ನವಿರು. ಬಿಳಿ ಹೂವಿನ ಮೇಲೆ ನೇರಳೆ ಚುಕ್ಕಿ.

ಕ್ಯಾಟ್‌ಮಿಂಟ್ ಅಂದರೂ ಕೆಲವರು ಇದನ್ನೇ ಹೇಳುತ್ತಾರೆ. ನರ್ಸರಿಯವರು ಹೇಳುವ ಕ್ಯಾಟ್‌ಮಿಂಟ್ ಸಾಮಾನ್ಯವಾಗಿ ನೆಪೆಟ ಫಾಸೆನೈ ಎಂಬ ಮಿಶ್ರ ತಳಿ. ಗಿಡ್ಡ, ನೀಲಿ-ನೇರಳೆ ಹೂವು, ನೋಡಲು ಇದೇ ಚೆಂದ. ಬೆಕ್ಕಿಗಾಗಿ ಬೇಕಿದ್ದರೆ ಮಾತ್ರ ಕಟಾರಿಯಾ ಅಂತ ಕೇಳಿಯೇ ತನ್ನಿ.

ಬೆಕ್ಕನ್ನು ಕುಣಿಸುವುದು ಎಲೆಯಲ್ಲಿರುವ ನೆಪೆಟಲ್ಯಾಕ್ಟೋನ್ ಎಂಬ ರಾಸಾಯನಿಕ. 1941ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳು ಇದನ್ನು ಗಿಡದ ಎಣ್ಣೆಯಿಂದ ಬೇರ್ಪಡಿಸಿದರು. ಮೂಗಿಗೆ ವಾಸನೆ ಬಿದ್ದರೆ ಸಾಕು, ತಿನ್ನಲೇಬೇಕೆಂದಿಲ್ಲ. ಹತ್ತು ಹದಿನೈದು ನಿಮಿಷ ಆಟ, ಆಮೇಲೆ ಅದೇ ಎಲೆಯನ್ನು ಮೂಗಿಗೆ ಹಿಡಿದರೂ ಕ್ಯಾರೇ ಅನ್ನುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆ ಕಳೆದ ಮೇಲೆ ಮತ್ತೆ ಶುರು. ಎಲ್ಲ ಬೆಕ್ಕಿಗೂ ಇದು ಹತ್ತುವುದಿಲ್ಲ. ಮೂರರಲ್ಲಿ ಒಂದು ಬೆಕ್ಕು ಮೂಸಿ ಸುಮ್ಮನಾಗುತ್ತದೆ, ಅದು ಹುಟ್ಟಿನಿಂದ ಬಂದ ಗುಣ. ಎಳೆ ಮರಿಗಳಿಗೂ ಅಷ್ಟೇ. ಕಾಕು ಕೇಳಿದ ಹಾಗೆ ಇದು ನಶೆಯೇ ಅಂದರೆ, ಚಟ ಹಿಡಿಯುವ ನಶೆ ಅಲ್ಲ. ಎಲೆ ಜಾಸ್ತಿ ತಿಂದರೆ ವಾಂತಿ ಆಗಬಹುದು.

ನನಗೆ ಇಷ್ಟವಾದದ್ದು ಸೊಳ್ಳೆಯ ಕತೆ. ಜಪಾನಿನಲ್ಲಿ ಮಾತಾತಾಬಿ ಎಂಬ ಬಳ್ಳಿಗೂ ಬೆಕ್ಕುಗಳು ಹೀಗೇ ಮರುಳಾಗುತ್ತವೆ. ಅದರಲ್ಲಿರುವುದು ನೆಪೆಟಲ್ಯಾಕ್ಟೋನಿನ ಹತ್ತಿರದ ನೆಂಟ, ನೆಪೆಟಲ್ಯಾಕ್ಟಾಲ್. ಅದನ್ನು ಮೈಗೆ ಉಜ್ಜಿಕೊಂಡ ಬೆಕ್ಕುಗಳ ಮೇಲೆ ಸೊಳ್ಳೆ ಕೂರುವುದು ಸುಮಾರು ಅರ್ಧಕ್ಕೆ ಇಳಿಯಿತು ಎಂದು 2021ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದರು. ಅಂದರೆ ಆ ಹೊರಳಾಟ ಬರೀ ಮೋಜಲ್ಲ, ಮೈಗೆ ಔಷಧ ಹಚ್ಚಿಕೊಳ್ಳುವ ಕೆಲಸವೂ ಹೌದು. ಕ್ಯಾಟ್‌ನಿಪ್ ಎಣ್ಣೆಗೂ ಸೊಳ್ಳೆ ಓಡಿಸುವ ಗುಣ ಇದೆ. ಗಟಾರದ ಪಕ್ಕ ಮನೆ ಮಾಡಿಕೊಂಡ ನಮ್ಮಂಥವರಿಗೆ ಬೆಕ್ಕಿನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಮನುಷ್ಯರು ಇದರ ಚಹಾ ಕುಡಿಯುವ ರೂಢಿ ಯುರೋಪಿನಲ್ಲಿ ಹಳೆಯದು, ನಿದ್ದೆ ಬರಲಿ ಅಂತ. ಬಸುರಿಯರಿಗೆ ಬೇಡ.

ಇನ್ನು ಕುಪ್ಪಿ ಗಿಡ. ಅಕಾಲಿಫಾ ಇಂಡಿಕಾ ಅಂತ ಹೆಸರು, ಪುದೀನಾ ಬಳಗದ್ದಲ್ಲ, ಔಡಲದ ಬಳಗದ್ದು. ಆದರೂ ಇದರ ಬೇರಿನಲ್ಲಿ ನೆಪೆಟಲ್ಯಾಕ್ಟೋನಿಗೆ ಹತ್ತಿರದ ವಸ್ತು ಇದೆ. ಗಿಡ ನೆಟ್ಟಗೆ ನಿಂತಿದ್ದಾಗ ಬೆಕ್ಕು ತಿರುಗಿಯೂ ನೋಡುವುದಿಲ್ಲ. ಕಿತ್ತು ಬೇರು ಹೊರಗೆ ಬಂದಾಗಲೇ ಓಡಿ ಬರುತ್ತದೆ. ಹಾಗಾಗಿ ನಮ್ಮೂರ ಬೆಕ್ಕುಗಳು ಈ ಮಜಾ ನೋಡಲು ಆನ್‌ಲೈನ್ ಪ್ಯಾಕೆಟ್‌ಗೆ ಕಾದವೇನಲ್ಲ.

ಇಷ್ಟಾದರೂ ನಾನು ಕ್ಯಾಟ್‌ನಿಪ್ ಬೀಜ ತರಿಸಿದೆ. ಬೇರಿಗೆ ನೀರು ನಿಲ್ಲಬಾರದು. ಗದಗ ಕಡೆಯ ಎರೆ ಮಣ್ಣಾದರೆ ಮರಳು, ಗೊಬ್ಬರ ಬೆರೆಸಿ ಕುಂಡದಲ್ಲೇ ಹಾಕಿ. ಧಾರವಾಡದ ಜಿಟಿಜಿಟಿ ಮಳೆ ಮುಗಿದ ಮೇಲೆ ಬಿತ್ತುವುದು ಒಳ್ಳೆಯದು. ಮೊಳೆತಿದ್ದು ಏಳು ಸಸಿ. ಕುಂಡ ಬದಲಿಸುವಾಗ ಎಲೆ ನಲುಗಿ ವಾಸನೆ ಎದ್ದಿತು ನೋಡಿ, ಬೆಕ್ಕು ಬಂದು ಐದರ ಮೇಲೆ ಮಲಗಿಬಿಟ್ಟಿತು. ಉಳಿದ ಎರಡರ ಮೇಲೆ ಈಗ ತಂತಿ ಬುಟ್ಟಿ ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿದ್ದೇನೆ.