ಚಳಿಗಾಲದಲ್ಲಿ ಬಿಲ್ಲಿನ ಮರ ಎಲ್ಲಿರಬೇಕು?

ಅಮೆರಿಕದ ಕ್ಯಾನ್ಸಸ್, ಮಿಸೌರಿ ಕಡೆ ಮರದ ಬಿಲ್ಲು ಮಾಡುವವರಿಗೆ ಡಿಸೆಂಬರ್, ಜನವರಿ ಅಂದರೆ ಮರ ಕಡಿಯುವ ಕಾಲ. ಅಲ್ಲಿ ಬಿಲ್ಲಿಗೆ ಹೆಸರಾದದ್ದು ಓಸೇಜ್ ಆರೆಂಜ್. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆಯುವ ಮುಂಚೆ ರೈತರು ಹೊಲದ ಅಂಚಿಗೆ ಈ ಮುಳ್ಳಿನ ಮರವನ್ನೇ ಬೇಲಿಯಾಗಿ ನೆಡುತ್ತಿದ್ದರು. ಆ ಸಾಲುಗಳು ಎಷ್ಟೋ ಕಡೆ ಇನ್ನೂ ಉಳಿದಿವೆ. ಒಳಗಿನ ಚೇಗು ಅರಿಶಿನ ಬಣ್ಣದ್ದು, ಗಟ್ಟಿ, ಬಾಗುವ ಗುಣವೂ ಇದೆ.

ಮರ ಸಿಕ್ಕ ಮೇಲೆ ಹೊಸಬರು ಕೇಳುವ ಮೊದಲ ಪ್ರಶ್ನೆ: ‘ಹೊರಗೆ ಹಿಮ ಬೀಳ್ತಿದೆ, ಸೀಳಿದ ಮರವನ್ನು ಮನೆಯೊಳಗೆ ತಂದಿಡಲಾ?’ ಹಸಿ ಮರವಾದರೆ ದಯವಿಟ್ಟು ಬೇಡ. ಮಲೆನಾಡಿನಲ್ಲಿ ಬೆಳೆದವರಿಗೆ ಇದು ತಲೆಕೆಳಗು ಅನಿಸಬಹುದು. ನಮ್ಮ ಕಡೆ ಮಳೆಗಾಲದ ಪಸೆಗೆ ಹೆದರಿ ಮರವನ್ನು ಒಲೆ ಮೇಲಿನ ಅಟ್ಟಕ್ಕೆ ಸೇರಿಸುತ್ತಾರೆ. ಅಲ್ಲಿಯ ಚಳಿಗಾಲದಲ್ಲಿ ಹೆದರಬೇಕಾದದ್ದು ಮನೆಯೊಳಗಿನ ಒಣ ಗಾಳಿಗೆ.

ತಣ್ಣನೆಯ ಗಾಳಿಯಲ್ಲಿ ನೀರಿನಂಶ ತೀರಾ ಕಡಿಮೆ. ಅದನ್ನೇ ಹೀಟರ್ ಬಿಸಿ ಮಾಡಿದಾಗ ಮನೆಯ ಆರ್ದ್ರತೆ ಶೇ. 20-30ಕ್ಕೆ ಇಳಿಯುತ್ತದೆ. ಆ ಗಾಳಿಯಲ್ಲಿಟ್ಟ ಮರದ ತೇವ ಕೊನೆಗೆ ಶೇ. 5-6ಕ್ಕೆ ಬಂದು ನಿಲ್ಲುತ್ತದೆ. ಹಸಿ ಮರದಲ್ಲಿ ಸಾಮಾನ್ಯವಾಗಿ ಶೇ. 30ಕ್ಕಿಂತ ಜಾಸ್ತಿ ನೀರಿರುತ್ತದೆ. ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಆ ಎಳೆದಾಟಕ್ಕೆ ಮರ ಬಿರಿಯುತ್ತದೆ. ತೊಗಟೆ ತೆಗೆದ ಹಸಿ ಸೀಳನ್ನು ಹೀಟರ್ ಪಕ್ಕ ಇಟ್ಟರೆ ಬೆನ್ನಿನ ಮೇಲೆ, ಅಂದರೆ ಬಿಲ್ಲು ಹಿಡಿದಾಗ ಆಚೆ ಕಡೆಗಿರುವ ಮುಖದ ಮೇಲೆ, ಕೂದಲೆಳೆಯಂಥ ಗೆರೆಗಳು ಕಾಣಿಸಿಕೊಳ್ಳುತ್ತವೆ. ಬರಬರುತ್ತಾ ಅದರಲ್ಲಿ ಉಗುರು ಕೂರುತ್ತದೆ. ಬಿರುಕು ಬಿಲ್ಲಿನ ಉದ್ದಕ್ಕೆ ನೇರವಾಗಿ ಹೋದರೆ ಮರ ಉಳಿದೀತು. ಮರದ ಎಳೆ ತಿರುಚಿಕೊಂಡು ಬಿರುಕು ಅಂಚಿಗೆ ಹಾದರೆ ಆ ಮರ ಬಿಲ್ಲಿಗಾಗದು.

ಇಡೀ ದಿಮ್ಮಿಯನ್ನು ಹಾಗೇ ಬಿಡಬೇಡಿ. ಮರ ತನ್ನ ಬೆಳವಣಿಗೆಯ ಬಳೆಯ ಸುತ್ತ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದರ ಸುಮಾರು ಎರಡರಷ್ಟು. ನೀವು ಸೀಳದಿದ್ದರೆ ಅದೇ ತನಗಿಷ್ಟ ಬಂದಲ್ಲಿ ಸೀಳಿಕೊಳ್ಳುತ್ತದೆ.

ಕಡಿದ ದಿನವೇ ತುದಿಗಳನ್ನು ಮುಚ್ಚಿ. ನೀರು ಪಕ್ಕಕ್ಕಿಂತ ತುದಿಯಿಂದ ಎಷ್ಟೋ ಪಟ್ಟು ಬೇಗ ಹೋಗುತ್ತದೆ. ಬೇಸಿಗೆಯಲ್ಲಾದರೆ ಬಡಗಿಗಳ ಬಿಳಿ ಅಂಟು ಸಾಕು. ಕೊರೆಯುವ ಚಳಿಯಲ್ಲಿ ಅದು ಪದರ ಕಟ್ಟದೆ ಪುಡಿಪುಡಿಯಾಗುತ್ತದೆ. ಆಗ ಶೆಲ್ಲಾಕ್ (ಅರಗಿನ ವಾರ್ನಿಶ್) ಅಥವಾ ಕರಗಿಸಿದ ಮೇಣ ವಾಸಿ. ಎರಡು ಕೋಟ್ ಹಚ್ಚಿ, ಪಕ್ಕಕ್ಕೂ ಎರಡು ಬೆರಳಗಲ ಇಳಿಸಿ.

ಆಮೇಲೆ ಶೆಡ್ಡಿಗೆ. ಮೇಲೆ ಸೂರಿರಬೇಕು, ಗಾಳಿಯಾಡಬೇಕು, ಬಿಸಿಲು ನೇರ ಬೀಳಬಾರದು. ಸಿಮೆಂಟ್ ನೆಲಕ್ಕೆ ತಾಗದಂತೆ ಪಟ್ಟಿಗಳ ಮೇಲೆ ಮಲಗಿಸಿ. ಗೋಡೆಗೆ ಸುಮ್ನೆ ಒರಗಿಸಿದರೆ ಹಾಗೇ ಬಾಗಿ ಕೂರುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಬೂಷ್ಟು ಗ್ಯಾರಂಟಿ. ಚಳಿಯಲ್ಲಿ ಮರ ನಿಧಾನಕ್ಕೆ ಒಣಗುತ್ತದೆ, ನಮಗೆ ಬೇಕಾದದ್ದೂ ಅದೇ.

ತೊಗಟೆಯ ವಿಷಯದಲ್ಲಿ ಮರ ನೋಡಿ ನಿರ್ಧರಿಸಿ. ಓಸೇಜಿನಲ್ಲಿ ತೊಗಟೆಗೂ ಚೇಗಿಗೂ ನಡುವಿನ ಬಿಳಿ ಮರವನ್ನು ಹೇಗಿದ್ದರೂ ಕೆತ್ತಿ ತೆಗೆಯುತ್ತೇವೆ, ಹಾಗಾಗಿ ಚಳಿಗಾಲ ಮುಗಿಯುವವರೆಗೆ ತೊಗಟೆ ಇದ್ದರೂ ಪರವಾಗಿಲ್ಲ. ಬಿಸಿಲೇರಿ ಹುಳುಗಳು ಏಳುವ ಮುಂಚೆ ತೊಗಟೆ, ಬಿಳಿ ಮರ ಎರಡನ್ನೂ ತೆಗೆದು ಬೆನ್ನಿಗೆ ಶೆಲ್ಲಾಕ್ ಬಳಿಯಿರಿ. ಹಿಕರಿ, ಆ್ಯಶ್ ಮರಗಳಲ್ಲಿ ತೊಗಟೆಯ ಕೆಳಗಿನ ಪದರವೇ ಬಿಲ್ಲಿನ ಬೆನ್ನು. ಅಲ್ಲಿ ಹುಳು ಒಂದು ಗೆರೆ ಕೊರೆದರೂ ನಷ್ಟ, ತೊಗಟೆ ತೆಗೆಯಲು ಚಳಿಗಾಲ ಮುಗಿಯಲೆಂದು ಕಾಯಬೇಡಿ.

ಪೂರ್ತಿ ಒಣಗಿದ ಮರದ ಕಥೆಯೇ ಬೇರೆ. ಅದು ಒಳಗೇ ಇರಲಿ, ಆದರೆ ಹೀಟರಿನಿಂದ ದೂರ. ಓಸೇಜಿಗೆ ಶೇ. 8-10 ತೇವ ಬೇಕು. ಕೋಣೆಯ ಆರ್ದ್ರತೆ ಶೇ. 50ರ ಆಸುಪಾಸು ಇದ್ದರೆ ಅಷ್ಟು ಉಳಿಯುತ್ತದೆ. ಅಗ್ಗದ ಆರ್ದ್ರತೆ ಮೀಟರ್ ಒಂದು ಗೋಡೆಗೆ ತೂಗುಹಾಕಿ. ತೀರಾ ಒಣಗಿದ ಮರ ಬಾಗಿಸಿದಾಗ ಮುನ್ಸೂಚನೆ ಕೊಡದೆ ಪಟ್ ಅಂತ ಮುರಿಯುತ್ತದೆ. ಹಿಕರಿ ಮಾತ್ರ ಇನ್ನೂ ಸ್ವಲ್ಪ ಒಣಗಿದ್ದರೇ ಚುರುಕು.

ಹಸಿ ಮರ ಶೆಡ್ಡಿನಿಂದ ಮನೆಗೆ ಬರುವುದು ಯಾವಾಗ? ತುದಿಯ ಮೇಲೆ ದಿನಾಂಕ, ತೂಕ ಬರೆಯಿರಿ. ತಿಂಗಳಿಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಹೀಟರಿಲ್ಲದ ತಣ್ಣನೆಯ ಕೋಣೆಗೆ ತನ್ನಿ, ಅಲ್ಲಿ ಕೆಲವು ವಾರ ಕಳೆಯಲಿ, ಆಮೇಲೆ ಒಳಗೆ. ಒಳಗೆ ಬಂದ ಮೇಲೆ ಮತ್ತೆ ತೂಕ ಇಳಿಯುತ್ತದೆ. ಎರಡು ವಾರ ಬಿಟ್ಟು ತೂಗಿದರೂ ಅಷ್ಟೇ ಇದ್ದರೆ ಉಳಿ ಹಿಡಿಯಬಹುದು.