ಚಿಂಚೋಳಿ ಕಾಡು, ಪಕ್ಕದ ತಾಂಡಾ: ಯಾವಾಗ ಹೋಗಬೇಕು, ಯಾರ ಜೊತೆ ಹೋಗಬೇಕು?

ಓದುಗರ ಪ್ರಶ್ನೆ: ನಮ್ಮ ಅಕ್ಕ-ಭಾವ ಕೆನಡಾದಲ್ಲಿದ್ದಾರೆ. ಅಲ್ಲಿ ರಾಕಿ ಪರ್ವತಗಳಿಗೆ ಗೈಡ್ ಜೊತೆ ಹೋಗಿ, ಮೂಲನಿವಾಸಿಗಳ ಜೊತೆ ಕಾಡು ಸುತ್ತಿ, ಅವರ ಹಾಡು-ಕಥೆ ಕೇಳಿ ಬಂದರು. ನಾವು ಕಲಬುರಗಿಯವರು. ನಮ್ಮ ಕಡೆಯೂ ಗುಡ್ಡ, ಕಾಡು, ತಾಂಡಾ ಎಲ್ಲ ಇವೆ ಅಲ್ವಾ? ಇಲ್ಲಿ ಅಂಥ ಪ್ರವಾಸ ಮಾಡಬಹುದಾ? ಲಂಬಾಣಿ ಕುಣಿತ ನೋಡಬೇಕಾದರೆ ಯಾರಿಗೆ ಹೇಳಬೇಕು?

ಖಂಡಿತ ಮಾಡಬಹುದು. ಚಿಂಚೋಳಿಗೆ ಹೋಗಿ. ಶ್ರಾವಣದಲ್ಲಿ ಹೋಗಿ. ತಾಂಡಾದವರನ್ನೇ ದಾರಿ ತೋರಿಸಲು ಕೇಳಿ. ಕುಣಿತಕ್ಕೆ ಮಾತ್ರ ಆರ್ಡರ್ ಕೊಡಬೇಡಿ.

ಮೊದಲು ಕಾಡಿನ ಮಾತು. ಚಿಂಚೋಳಿ ವನ್ಯಜೀವಿ ಅಭಯಾರಣ್ಯ ಘೋಷಣೆಯಾದದ್ದು 2011ರಲ್ಲಿ. ವಿಸ್ತೀರ್ಣ 134.88 ಚದರ ಕಿಲೋಮೀಟರ್. ಕಲಬುರಗಿ ಅಂದರೆ ಬಿಸಿಲು, ತೊಗರಿ, ಕಪ್ಪು ಮಣ್ಣು ಅಷ್ಟೇ ಅಂದುಕೊಂಡವರು ಒಮ್ಮೆ ಮಳೆಗಾಲದಲ್ಲಿ ಕೊಂಚಾವರಂ ರಸ್ತೆ ಹಿಡಿಯಬೇಕು. ಎರಡೂ ಕಡೆ ತೇಗ, ಮುತ್ತುಗ, ಸೀತಾಫಲದ ಪೊದೆ. ಒಳಗೆ ಶ್ರೀಗಂಧ, ರಕ್ತಚಂದನವೂ ಇವೆ. ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯ. ಮಳೆ ಚೆನ್ನಾಗಿ ಬಿದ್ದರೆ ಎತ್ತಿಪೋತ ಜಲಪಾತ ತುಂಬಿ ಹರಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ಬರೀ ಬಂಡೆ ನೋಡಿ ಬರಬೇಕಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ನಡೆದಾಡುವ ಯೋಚನೆಯನ್ನೇ ಬಿಡಿ.

ಈ ಗುಡ್ಡಗಳು ರಾಕಿ ಪರ್ವತದಷ್ಟು ಎತ್ತರ ಇಲ್ಲ, ಹಿಮ ಇಲ್ಲ. ಹುಲಿ-ಆನೆ ನೋಡುವ ಆಸೆಯಿದ್ದರೆ ನಾಗರಹೊಳೆಗೆ ಹೋಗಿ. ಇದು ಒಣ ಕಾಡು. ಇಲ್ಲಿರುವುದು ಕತ್ತೆಕಿರುಬ, ತೋಳ, ಕೊಂಡುಕುರಿ, ಕೃಷ್ಣಮೃಗ. ಅವು ನಾಚಿಕೆಯ ಪ್ರಾಣಿಗಳು, ಹೆಚ್ಚಾಗಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಗೊತ್ತಿದ್ದವರು ಜೊತೆಗೆ ಬೇಕು ಅನ್ನುವುದು. ದಾರಿ ಪಕ್ಕ ಸುಣ್ಣದ ಉಂಡೆಯಂಥದ್ದು ಬಿದ್ದಿದ್ದರೆ ನಾವು ನೋಡಿಯೂ ನೋಡದ ಹಾಗೆ ಮುಂದೆ ಹೋಗುತ್ತೇವೆ. ಅಲ್ಲಿಯವರು ಕೋಲಿನಿಂದ ಒಡೆದು ತೋರಿಸುತ್ತಾರೆ: ಇದು ಕತ್ತೆಕಿರುಬದ ಲದ್ದಿ. ಅದು ಮೂಳೆಯನ್ನೂ ಅಗಿದು ತಿನ್ನುತ್ತದೆ, ಒಣಗಿದ ಲದ್ದಿ ಹಾಗೆ ಬೆಳ್ಳಗಾಗುತ್ತದೆ. ಪಕ್ಕದ್ದರಲ್ಲಿ ಕೂದಲು ಸುತ್ತಿಕೊಂಡಿದೆಯಾ? ಹಾಗಾದರೆ ಅದು ತೋಳದ್ದಿರಬಹುದು. ರಾತ್ರಿ ಇಲ್ಲಿ ಯಾರು ಓಡಾಡಿದರು ಅನ್ನುವುದು ಹೀಗೆ ಗೊತ್ತಾಗುತ್ತಾ ಹೋಗುತ್ತದೆ. ಜೀಪಿನಲ್ಲಿ ಕೂತವರಿಗೆ ಇದು ಸಿಗುವುದಿಲ್ಲ.

ಇನ್ನು ತಾಂಡಾ. ಕಾಡಿನ ಸುತ್ತಮುತ್ತ ಲಂಬಾಣಿ ತಾಂಡಾಗಳು ಬಹಳ. ಇವರ ಹಿರಿಯರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದವರು. 17ನೇ ಶತಮಾನದಲ್ಲಿ ಮೊಘಲರ ಸೈನ್ಯ ದಖ್ಖನ್ನಿಗೆ ಬಂದಾಗ ಅದಕ್ಕೆ ಧಾನ್ಯ ಸಾಗಿಸಿದವರು. ರೈಲು ಬಂದ ಮೇಲೆ ಎತ್ತಿನ ವ್ಯಾಪಾರ ನಿಂತಿತು, ಎಷ್ಟೋ ಜನ ಗುಡ್ಡದ ಅಂಚಿನಲ್ಲಿ ನೆಲೆ ನಿಂತರು. ಒಂದೇ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಕೊಂಚಾವರಂ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಅಣ್ಣ-ತಮ್ಮಂದಿರು ಗಡಿಯ ಆ ಕಡೆ ಈ ಕಡೆ ಇದ್ದಾರೆ, ಕಾಗದದಲ್ಲಿ ಮಾತ್ರ ಬೇರೆ ಬೇರೆ. ಎಷ್ಟೋ ತಾಂಡಾಗಳಿಗೆ ಕಂದಾಯ ಗ್ರಾಮ ಅನ್ನುವ ಮಾನ್ಯತೆಯೂ ಇರಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು ಅದಕ್ಕೇ ದೊಡ್ಡ ಸುದ್ದಿಯಾಯಿತು. ಇಷ್ಟು ತಿಳಿದುಕೊಂಡು ಹೋದರೆ ಅಲ್ಲಿ ಆಡುವ ಮಾತು ಬೇರೆಯೇ ಆಗುತ್ತದೆ.

ಕುಣಿತದ ವಿಷಯಕ್ಕೆ ಬರೋಣ. ಆರ್ಡರ್ ಕೊಡಬೇಡಿ ಅಂದದ್ದು ಯಾಕೆ ಅನ್ನುವುದಕ್ಕೆ ನಿಮ್ಮ ಅಕ್ಕ ಹೋಗಿ ಬಂದ ರಾಕಿ ಪರ್ವತಗಳಲ್ಲೇ ಒಂದು ಕಥೆ ಇದೆ. ಅಲ್ಲಿನ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಆರಂಭ 1885ರಲ್ಲಿ. ಆ ಕಾಡಿನಲ್ಲಿ ತಲೆಮಾರುಗಳಿಂದ ಬೇಟೆಯಾಡಿ ಬದುಕಿದ್ದ ಸ್ಟೋನಿ ನಕೋಡಾ ಜನರನ್ನು ಆಮೇಲೆ ಹೊರಗಿಟ್ಟರು. ವರ್ಷಕ್ಕೊಮ್ಮೆ ಅದೇ ಜನರನ್ನು ಕರೆಸಿ, ಗರಿ ತೊಡಿಸಿ, ಮೆರವಣಿಗೆ ಮತ್ತು ಕುಣಿತ ಇಡಿಸಿ ಪ್ರವಾಸಿಗರಿಗೆ ತೋರಿಸುತ್ತಿದ್ದರು. 'ಬ್ಯಾನ್ಫ್ ಇಂಡಿಯನ್ ಡೇಸ್' ಅನ್ನುವ ಆ ಉತ್ಸವ 1978ರವರೆಗೂ ನಡೆಯಿತು. ಬಂಧು-ಬಳಗ ಸೇರುತ್ತದೆ ಅಂತ ಖುಷಿಯಿಂದ ಬಂದವರೂ ಅವರಲ್ಲಿ ಇದ್ದರು, ಅದು ನಿಜ. ಆದರೂ ನೆಲದಿಂದ ಹೊರಹಾಕಿದವರನ್ನು ಕುಣಿಯಲು ಮಾತ್ರ ಕರೆಸುವುದು ಸರಿಯಲ್ಲ. ಈಗ ಅಲ್ಲಿ ಮೂಲನಿವಾಸಿಗಳೇ ಗೈಡ್ ಆಗಿ ತಮ್ಮ ಕಾಡನ್ನು ತಾವೇ ತೋರಿಸುವ ಪ್ರವಾಸಗಳಿವೆ. ನಮಗೆ ಬೇಕಾದ ಮಾದರಿ ಅದು.

ಹಾಗಾದರೆ ಶ್ರಾವಣವೇ ಯಾಕೆ? ಆಗ ಕಾಡು ಹಸಿರಾಗಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ತಾಂಡಾದಲ್ಲಿ ಜನ ಇರುತ್ತಾರೆ! ದೀಪಾವಳಿ ಆದ ಮೇಲೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಪುಣೆ-ಮುಂಬೈಗೆ ಗುಳೆ ಹೋಗುತ್ತವೆ. ಡಿಸೆಂಬರ್ ರಜೆಯಲ್ಲಿ ಹೋದ ಪ್ರವಾಸಿಗರಿಗೆ ಹವೆ ಚೆನ್ನಾಗಿ ಸಿಗುತ್ತದೆ, ಆದರೆ ಬಾಗಿಲಿಗೆ ಬೀಗ ಹಾಕಿದ ಮನೆಗಳೇ ಜಾಸ್ತಿ. ವಯಸ್ಸಾದವರು ಮತ್ತು ಮೊಮ್ಮಕ್ಕಳು ಮಾತ್ರ ಉಳಿದಿರುತ್ತಾರೆ.

ಶ್ರಾವಣದಲ್ಲಿ ತೀಜ್ ಹಬ್ಬ. ಮದುವೆಯಾಗದ ಹುಡುಗಿಯರು ಚಿಕ್ಕ ಬುಟ್ಟಿಗಳಲ್ಲಿ ಮಣ್ಣು-ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ದಿನವೂ ಕೊಡದಲ್ಲಿ ನೀರು ತಂದು ಹಾಕುತ್ತಾರೆ, ಬುಟ್ಟಿಗಳ ಸುತ್ತ ಹಾಡುತ್ತಾರೆ, ಕುಣಿಯುತ್ತಾರೆ. ಒಂಬತ್ತು ದಿನ ಕಳೆಯುವ ಹೊತ್ತಿಗೆ ಸಸಿ ಒತ್ತೊತ್ತಾಗಿ ಎದ್ದು ನಿಂತಿರುತ್ತದೆ. ಕೊನೆಯ ದಿನ ಅದನ್ನು ಕಿತ್ತು ಹಿರಿಯರಿಗೆ ಹಂಚುತ್ತಾರೆ. ಗಂಡಸರು ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ಉಳಿದದ್ದು ಹಳ್ಳಕ್ಕೋ ಕೆರೆಗೋ ಹೋಗುತ್ತದೆ. ನೀವು ಕೇಳಿದ ಹಾಡು, ಕುಣಿತ ಎಲ್ಲ ಇಲ್ಲಿದೆ. ಯಾರೋ ಕರೆಸಿದರು ಅಂತ ನಡೆಯುವುದಲ್ಲ, ಅವರ ಮನೆಯ ಹಬ್ಬ. ನೀವು ಒಂದು ಬದಿಯಲ್ಲಿ ಕೂತು ನೋಡಿದರೆ ಸಾಕು. ಯಾರಾದರೂ ಯಾಡಿ (ಲಂಬಾಣಿ ಮಾತಿನಲ್ಲಿ ತಾಯಿ) ಕೈಹಿಡಿದು ಎಬ್ಬಿಸಿದರೆ ನೀವೂ ಎರಡು ಹೆಜ್ಜೆ ಹಾಕಿ.

ಹೋಗುವ ಮೊದಲು ತಾಂಡಾದ ನಾಯಕರನ್ನೋ ಅವರ ಜೊತೆ ತಾಂಡಾದ ವ್ಯವಹಾರ ನೋಡಿಕೊಳ್ಳುವ ಕಾರಭಾರಿಯನ್ನೋ ಕೇಳಬೇಕು. ಯಾವ ತಾಂಡಾದಲ್ಲಿ ಹಬ್ಬ ಯಾವತ್ತು, ಹೊರಗಿನವರು ಬರಬಹುದಾ ಅನ್ನುವುದು ಅವರ ತೀರ್ಮಾನ. ಬೇಡ ಅಂದರೆ ಬೇಡ. ಫೋಟೊ ತೆಗೆಯುವ ಮುಂಚೆ ಕೇಳಿ, ಅದರಲ್ಲೂ ಹುಡುಗಿಯರದ್ದಾದರೆ ಅವರ ತಾಯಿಯನ್ನೂ ಕೇಳಿ. ಕನ್ನಡಿ ಕೂರಿಸಿದ ಫೇಟಿಯಾ-ಕಾಂಚಳಿ (ಲಂಗ-ರವಿಕೆ) ಈಗ ಹೆಚ್ಚಾಗಿ ವಯಸ್ಸಾದ ಹೆಂಗಸರ ಮೈಮೇಲೇ ಕಾಣುವುದು. ಸೀರೆ, ಚೂಡಿದಾರ್ ಹಾಕಿದ ಹುಡುಗಿಗೆ "ನಿಮ್ಮ ಡ್ರೆಸ್ ಹಾಕ್ಕೊಂಡು ಬಾ" ಅನ್ನಬೇಡಿ. ಕಸೂತಿ ಕೊಳ್ಳುವುದಾದರೆ ಚೌಕಾಸಿ ಬೇಡ, ತಿಂಗಳುಗಟ್ಟಲೆ ಕೂತು ಹಾಕಿದ ಹೊಲಿಗೆ ಅದು. ಊಟ ಮಾಡಿಕೊಟ್ಟ ಮನೆಗೆ, ದಾರಿ ತೋರಿಸಿದವರಿಗೆ ದುಡ್ಡನ್ನು ನೇರವಾಗಿ ಅವರ ಕೈಗೇ ಕೊಡಿ.

ಅಭಯಾರಣ್ಯದ ಒಳಗೆ ಹೋಗಲು ಅನುಮತಿ ಬೇಕು, ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿಯಮ. ಚಿಂಚೋಳಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ವಾಚರ್ ಕೆಲಸ ಮಾಡುವ ಸ್ಥಳೀಯರ ಪರಿಚಯವೂ ಅಲ್ಲೇ ಆಗುತ್ತದೆ, ಉಳಿದುಕೊಳ್ಳುವ ವ್ಯವಸ್ಥೆಯನ್ನೂ ಅಲ್ಲೇ ಕೇಳಿ. ಕಲಬುರಗಿಯಿಂದ ಚಿಂಚೋಳಿಗೆ ಬಸ್ಸುಗಳಿವೆ, ಆದರೆ ಮುಂದೆ ಗುಡ್ಡದ ಕಡೆ ಓಡಾಡಲು ಸ್ವಂತ ಗಾಡಿಯಿದ್ದರೆ ಒಳ್ಳೆಯದು. ಮಕ್ಕಳು ಜೊತೆಗಿದ್ದರೆ ಬೆಳಿಗ್ಗೆ ಬೇಗ ನಡೆದು, ಬಿಸಿಲು ಏರುವ ಮುಂಚೆ ವಾಪಸ್ ಬನ್ನಿ. ಕಾಲಿಗೆ ಶೂ ಇರಲಿ, ಹಾವಿನ ಕಾಲ ಅದು. ಎತ್ತಿಪೋತದಲ್ಲಿ ಬಂಡೆ ಪಾಚಿಗಟ್ಟಿರುತ್ತದೆ, ಮೇಲೆ ಮಳೆಯಾದರೆ ನೀರು ಇದ್ದಕ್ಕಿದ್ದಂತೆ ಏರುತ್ತದೆ. ಜೊತೆಗಿರುವವರು ಇಳಿಯಬೇಡಿ ಅಂದರೆ ಸೆಲ್ಫಿಗೂ ಇಳಿಯಬೇಡಿ.